ಒಂಬತ್ತನೇ ನಂಬರಿನ ಮುಖ

ಯುದ್ಧದಲ್ಲಿ ಸತ್ತವರು ಅರವತ್ತು ಜನ. ಬೆಳಿಗ್ಗೆ ಕೆಲಸದವರು ಬರುವಷ್ಟರಲ್ಲಿ ಅವರನ್ನೆಲ್ಲ ಉದ್ದನೆಯ ಹಲಗೆಗಳ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಮಲಗಿಸಿಯಾಗಿತ್ತು. ಸಂಜೆ ನಾಲ್ಕಕ್ಕೆ ವ್ಯಾನು ಬರುತ್ತದೆ. ಅಷ್ಟರೊಳಗೆ ಅರವತ್ತೂ ಬೊಂಬೆಗಳಿಗೆ ಬಳೆಯಂಗಿ, ಎದೆಕವಚ, ತಲೆಗೆ ಕಬ್ಬಿಣದ ಟೋಪಿ ತೊಡಿಸಿ, ಗದ್ದದ ಕೆಳಗೆ ಪಟ್ಟಿ ಬಿಗಿದು ಕಳಿಸಿಕೊಡಬೇಕು. ಮಾರನೆಯ ದಿನ ಯಾವುದೋ ಬಯಲಿನಲ್ಲಿ, ಕಿರೀಟ ಹೊತ್ತ ನಟನೊಬ್ಬ ತನ್ನ ಸತ್ತ ಸೈನ್ಯಕ್ಕೆಲ್ಲ ಒಟ್ಟಿಗೆ ಬೆಂಕಿ ಕೊಡುವ ದೃಶ್ಯವಿತ್ತು. ಒಂದು ಸಲ ಉರಿದರೆ ಮುಗಿಯಿತು, ಎರಡನೆಯ ಸಲಕ್ಕೆ ಯಾರೂ ಉಳಿಯುವುದಿಲ್ಲ.

ಸಿನಿಮಾದವರಿಗೆ ಇಂಥ ಸಾಮಾನು ಮಾಡಿಕೊಡುವ ಆ ಕಾರ್ಖಾನೆ ಎಂದರೆ ಒಂದು ಹಳೆಯ ಗೋದಾಮು. ತಗಡಿನ ಸೂರು, ಗೋಡೆಯುದ್ದಕ್ಕೂ ಕತ್ತಿ, ಈಟಿ, ಗುರಾಣಿಗಳು. ಮೇಲಿನಿಂದ ಒಂದೇ ರೆಕ್ಕೆಯ ದೈತ್ಯ ಹಕ್ಕಿಯೊಂದು ನೇತಾಡುತ್ತಿತ್ತು. ಒಂದೇ ಮಗ್ಗುಲಿನಿಂದ ಚಿತ್ರ ತೆಗೆಯುತ್ತೇವೆ, ಇನ್ನೊಂದು ರೆಕ್ಕೆ ಯಾಕೆ ಎಂದು ಸಿನಿಮಾದವರು ಕೇಳಿದ್ದರಂತೆ. ಅಲ್ಲಿ ಯಾವುದೂ ಕಂಡ ಹಾಗೆ ಇರಲಿಲ್ಲ. ಕಬ್ಬಿಣದ ಬಳೆ ಹೆಣೆದಂತೆ ಕಾಣುವ ಬಳೆಯಂಗಿ ಎಂದರೆ ದಪ್ಪ ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಹೊಡೆದ ಅಂಗಿ. ಕಬ್ಬಿಣದ ಟೋಪಿ ಎಂದರೆ ಫೈಬರು. ಅದರ ಮೇಲೆ ಕಬ್ಬಿಣದ ಪುಡಿ ಬಳಿದು, ಉಪ್ಪುನೀರು ಚಿಮುಕಿಸಿ, ಮೂರು ದಿನದಲ್ಲಿ ಮುನ್ನೂರು ವರ್ಷದ ತುಕ್ಕು ಬರಿಸುತ್ತಿದ್ದವನು ತುಕ್ಕಜ್ಜ. ಹೊಸದನ್ನು ಹಳೆಯದು ಮಾಡುವುದೇ ಅವನ ಕಸುಬು. ಆ ಪ್ರಯೋಗವನ್ನು ಮೊದಲು ನನ್ನ ಮೈಮೇಲೆಯೇ ಮಾಡಿಕೊಂಡೆ, ನೋಡಿ ಎಷ್ಟು ಚೆನ್ನಾಗಿ ಬಂದಿದೆ ಎಂದು ಬಂದವರಿಗೆಲ್ಲ ತನ್ನ ಬೊಕ್ಕ ಬಾಯಿ ತೋರಿಸುತ್ತಿದ್ದ.

ಪಟ್ಟಿ ಬಿಗಿಯುವ ಕೆಲಸ ಅವಳದು. ಚರ್ಮದ ಪಟ್ಟಿ ಕತ್ತರಿಸುವುದು, ತೂತು ಹೊಡೆಯುವುದು, ಬಕಲ್ ಹೊಲಿಯುವುದು, ಕೊನೆಗೆ ಗದ್ದದ ಕೆಳಗೆ ಎರಡು ಬೆರಳು ತೂರಿಸಿ ಬಿಗಿ ಸರಿಯಿದೆಯೇ ನೋಡುವುದು. ಬೊಂಬೆಯಿರಲಿ, ನಾಯಕ ನಟನಿರಲಿ, ಅವಳ ಎರಡು ಬೆರಳಿನ ಪರೀಕ್ಷೆ ಆಗದೆ ಆ ಬಾಗಿಲು ದಾಟುವ ಹಾಗಿರಲಿಲ್ಲ. ಅದಕ್ಕೇ ಎಲ್ಲರೂ ಬಕಲ್ ಅಕ್ಕ ಎನ್ನುತ್ತಿದ್ದರು. ಅತ್ತಿಗೆ ಎಂದು ಕರೆಯುತ್ತಿದ್ದವನು ಒಬ್ಬನೇ, ಅಚ್ಚಿನ ಕೆಲಸದ ಮೈದುನ. ಅವನೂ ಅವಳ ಗಂಡನೂ ಆ ಕಾರ್ಖಾನೆಯಲ್ಲೇ ಮೀಸೆ ಮೂಡಿಸಿಕೊಂಡವರು.

ಗಂಡ ಟೋಪಿ ಮಾಡುವವನಾಗಿದ್ದ. ಹದಿನೈದು ವರ್ಷದಲ್ಲಿ ಅವನ ಕೈಯಿಂದ ಎಷ್ಟು ರಾಜರು, ಎಷ್ಟು ರಾಕ್ಷಸರು ತಲೆ ಮುಚ್ಚಿಕೊಂಡರೋ ಲೆಕ್ಕವಿಲ್ಲ. ಆದರೆ ಮನೆಗೆ ಹೊರಡುವಾಗ ಸ್ಕೂಟರ್ ಹತ್ತಿ, ತನ್ನ ಹೆಲ್ಮೆಟ್ಟನ್ನು ಹಾಗೇ ತಲೆಗೆ ಸಿಕ್ಕಿಸಿಕೊಂಡು ಹೋಗುವನು, ಪಟ್ಟಿ ಎರಡೂ ಕಡೆ ಜೋತಾಡುತ್ತಿರುವುದು. ಅವಳು ಬೈದರೆ, ದಿನವೆಲ್ಲ ಪಟ್ಟಿಯ ಮುಖ ನೋಡಿ ಸಾಕಾಗಿದೆ, ನನ್ನ ಗದ್ದಕ್ಕಾದರೂ ರಜ ಇರಲಿ ಬಿಡೇ ಎನ್ನುವನು. ಎರಡು ವರ್ಷದ ಹಿಂದೆ, ಮನೆಗೆ ಎರಡು ತಿರುವು ಬಾಕಿಯಿರುವಾಗ, ಲಾರಿಯೊಂದು ಅಡ್ಡ ಬಂತು. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದು ಮೊದಲೇ ಹಾರಿಹೋಗಿ ರಸ್ತೆ ಪಕ್ಕದ ಹುಲ್ಲಿನ ಮೇಲೆ ತಣ್ಣಗೆ ಕೂತಿತ್ತು.

ಮುಖವನ್ನು ಅವಳಿಗೆ ತೋರಿಸಲಿಲ್ಲ. ಬಿಳಿ ಬಟ್ಟೆ ಸುತ್ತಿ ತಂದರು, ಹಾಗೇ ಕೊಂಡೊಯ್ದರು. ಹೆಂಗಸರು ನಾಲ್ಕು ಜನ ಅವಳ ರಟ್ಟೆ ಹಿಡಿದು ದೂರ ನಿಲ್ಲಿಸಿಕೊಂಡಿದ್ದರು. ಆಸ್ಪತ್ರೆಯಲ್ಲಿ ನೋಡಿದವನು ಮೈದುನ ಒಬ್ಬನೇ. ಹೇಗಿದ್ದರು ಎಂದು ಅವಳು ಕೇಳಿದಾಗ, ನಿದ್ದೆ ಮಾಡಿದ ಹಾಗಿದ್ದ ಅತ್ತಿಗೆ ಎಂದಿದ್ದ. ಹಾಗಿದ್ದರೆ ಯಾಕೆ ಮುಚ್ಚಿದಿರಿ ಎಂದು ಕೇಳಲು ಆ ಹೊತ್ತಿನಲ್ಲಿ ಅವಳಿಗೆ ನಾಲಿಗೆ ಹೊರಳಲಿಲ್ಲ, ಆಮೇಲೆ ಧೈರ್ಯ ಬರಲಿಲ್ಲ. ಆ ಒಂದು ಮಾತನ್ನೇ ಎರಡು ವರ್ಷ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದಳು. ಕಣ್ಣು ಮುಚ್ಚಿದರೆ ನಿದ್ದೆ ಮಾಡಿದ ಮುಖ ಬರಬೇಕು. ಬರುತ್ತಿದ್ದುದು ಬಿಳಿ ಬಟ್ಟೆ. ದೇವರ ಮುಂದೆ ಕೈಮುಗಿದಾಗಲೂ ಅವಳು ಬೇರೇನೂ ಕೇಳುತ್ತಿರಲಿಲ್ಲ. ಒಂದು ಸಲ ನೋಡಿಕೊಳ್ಳುವ ಹಾಗೆ ಮಾಡಪ್ಪಾ, ಕನಸಿನಲ್ಲಾದರೂ ಸರಿ ಎನ್ನುತ್ತಿದ್ದಳು, ಅಷ್ಟೇ.

ಆ ಬೆಳಿಗ್ಗೆ ಸಿನಿಮಾ ಕಂಪನಿಯಿಂದ ಉಡುಪಿನ ಮೇಡಂ ಬಂದು ಯಾವ ಬೊಂಬೆ ಹೇಗಿರಬೇಕೆಂದು ಬರೆದ ಹಾಳೆ ಕೊಟ್ಟು ಹೋಗಿದ್ದಳು. ಅರವತ್ತರಲ್ಲಿ ಇಪ್ಪತ್ತು ಹೆಣಗಳ ಗದ್ದದ ಪಟ್ಟಿ ಬಿಚ್ಚಿ ಜೋತಾಡಬೇಕಂತೆ, ಯುದ್ಧದಲ್ಲಿ ಸತ್ತವರು ಅಷ್ಟು ಅಚ್ಚುಕಟ್ಟಾಗಿ ಇರುತ್ತಾರೆಯೇ ಎಂದು ಅವಳ ವಾದ. ಬಕಲ್ ಅಕ್ಕನಿಗೆ ಆ ಹಾಳೆ ಕಂಡರಾಗಲಿಲ್ಲ. ಆದರೂ ಹೇಳಿದ ಕೆಲಸ, ಮಾಡಲೇಬೇಕು. ಪಕ್ಕದಲ್ಲಿ ಕೂದಲು ಅಂಟಿಸುವ ಹುಡುಗಿಯರು ತಮ್ಮಷ್ಟಕ್ಕೆ ನಗುತ್ತಿದ್ದರು. ಒಂಬತ್ತನೇ ನಂಬರಿನ ಹೆಣಗಳಿಗೆ ಏನೋ ಖುಷಿಯಾಗಿದೆ, ಬಾಯಿಯ ಒಂದು ಮೂಲೆ ಮೇಲಕ್ಕೆ ಎದ್ದಿದೆ, ಎಷ್ಟು ರಕ್ತ ಹಚ್ಚಿದರೂ ಅಳುಮುಖ ಬರುತ್ತಿಲ್ಲ ಎಂದು ಒಬ್ಬಳ ದೂರು. ಯುದ್ಧ ಮುಗಿಯಿತು, ನಾಳೆಯಿಂದ ಕವಾಯತು ಇಲ್ಲ, ನಗದೆ ಇನ್ನೇನು ಮಾಡುತ್ತಾರೆ ಎಂದ ತುಕ್ಕಜ್ಜ, ಟೋಪಿಯೊಂದನ್ನು ಉಜ್ಜುತ್ತಾ.

ಮುಖದ ಅಚ್ಚುಗಳು ಹತ್ತಿದ್ದವು, ಒಂದೊಂದರಿಂದ ಆರಾರು ಮುಖ. ಅಚ್ಚು ತೆಗೆಯಲು ಬೇರೆ ಜನರನ್ನು ಎಲ್ಲಿ ಹುಡುಕುವುದು ಎಂದು ಅಲ್ಲಿಯ ಕೆಲಸಗಾರರೇ ಒಬ್ಬೊಬ್ಬರಾಗಿ ಬೆಂಚಿನ ಮೇಲೆ ಮಲಗಿ, ಮುಖಕ್ಕೆ ಜಿಡ್ಡು ಸವರಿಸಿಕೊಂಡು, ಮೂಗಿನ ಹೊಳ್ಳೆ ಮಾತ್ರ ಬಿಟ್ಟು ಒದ್ದೆ ಪ್ಲಾಸ್ಟರ್ ಮೆತ್ತಿಸಿಕೊಂಡವರು. ಹಾಗೆ ಒಣಗಿದ್ದನ್ನು ಎತ್ತಿದರೆ ಒಳಗೆ ಮುಖದ ಹಳ್ಳ. ಅದರಲ್ಲಿ ಮೈದುನ ರಬ್ಬರ್ ಹಾಲು ಸುರಿದು, ಹದ ನೋಡಿ ಚೆಲ್ಲಿ, ಒಳಗೆ ಕಟ್ಟಿದ ತೆಳ್ಳನೆಯ ಪದರವನ್ನು ಕೈಗವಸು ಕಳಚುವ ಹಾಗೆ ಕಳಚಿ, ಪೌಡರ್ ಹಾಕಿ ಕೊಕ್ಕೆಗೆ ನೇತುಹಾಕುವನು. ಅಲ್ಲಿಗೆ ಅವನ ಕೆಲಸ ಮುಗಿಯಿತು. ಜೋತುಬಿದ್ದ ಆ ಚರ್ಮದಲ್ಲಿ ಯಾರ ಮುಖವೂ ಕಾಣುವುದಿಲ್ಲ. ಆಚೆ ಕೋಣೆಯಲ್ಲಿ ಹೊಸದಾಗಿ ಸೇರಿದವರು ಅದಕ್ಕೆ ಸ್ಪಂಜು ತುಂಬಿ, ಬಣ್ಣ ಬಳಿದು, ಹುಬ್ಬು ಗಡ್ಡ ಅಂಟಿಸಿ ಮನುಷ್ಯನನ್ನು ಮಾಡುವರು. ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು: ಅಚ್ಚು ಕೊಟ್ಟವನು ತೀರಿಕೊಂಡರೆ ಅವನ ಅಚ್ಚನ್ನು ಒಡೆದುಬಿಡಬೇಕು. ಹೋದವರ ಮುಖವನ್ನು ಒತ್ತೆ ಇಟ್ಟುಕೊಂಡು ದುಡಿಸಬಾರದು ಎಂದು ತುಕ್ಕಜ್ಜನೇ ಬಹಳ ಹಿಂದೆ ಮಾಡಿದ್ದ ನಿಯಮ.

ಅವಳು ಮೊದಲನೆಯ ಹಲಗೆ ಮುಗಿಸಿ ಎರಡನೆಯದಕ್ಕೆ ಬಂದಳು. ಕೆಂಪು ಗಡ್ಡದ ಸೈನಿಕ. ಹಣೆಯ ಮೇಲೆ ಗಾಯ, ಒಂದು ಕೆನ್ನೆ ಸುಟ್ಟಿದೆ. ಟೋಪಿ ಕೂರಿಸಿ, ಪಟ್ಟಿ ಎಳೆದು, ಬಕಲ್ ಹಾಕಿ, ವಾಡಿಕೆಯಂತೆ ಎರಡು ಬೆರಳು ಗದ್ದದ ಕೆಳಗೆ ತೂರಿಸಿದಳು.

ಬೆರಳಿಗೆ ಒಂದು ತಗ್ಗು ಸಿಕ್ಕಿತು.

ಕಾದ ಹೆಂಚು ಮುಟ್ಟಿದವಳ ಹಾಗೆ ಕೈ ಕಿತ್ತುಕೊಂಡಳು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ರಬ್ಬರಿನಲ್ಲಿ ಗುಳ್ಳೆ ಕೂತರೆ ಹೀಗೆ ತಗ್ಗು ಬೀಳುವುದುಂಟು. ಮುಂದಿನವನಿಗೆ ಪಟ್ಟಿ ಹಾಕಿದಳು, ಅದರ ಮುಂದಿನವನಿಗೂ ಹಾಕಿದಳು, ಅವರ ಗದ್ದಗಳು ನುಣುಪಾಗಿದ್ದವು. ನಾಲ್ಕನೆಯವನು ನರೆತ ಗಡ್ಡದ ಮುದುಕ. ಬೆರಳು ತೂರಿಸಿದಳು. ಹೆಸರುಕಾಳಿನಷ್ಟು ತಗ್ಗು, ಅದರ ಎಡಕ್ಕೆ ಎಳೆದ ಸಣ್ಣ ಬಾಲ.

ಗುಳ್ಳೆಗೆ ಬಾಲವಿರುವುದಿಲ್ಲ. ಹೊಲಿಗೆ ಹಾಕಿದ ಗಾಯಕ್ಕೆ ಇರುತ್ತದೆ.

ನೋಡುವವರಿಗೆ ಎಂದೂ ಕಾಣದ ಜಾಗ ಅದು. ಚಿಕ್ಕಂದಿನಲ್ಲಿ ಬಿದ್ದು ಮೂರು ಹೊಲಿಗೆ ಹಾಕಿಸಿಕೊಂಡಿದ್ದ ಗುರುತು. ಮದುವೆಯಾದ ಹೊಸದರಲ್ಲಿ, ಗಂಡ ಮಲಗಿರುವಾಗ ಅವಳು ಆ ತಗ್ಗಿನಲ್ಲಿ ಬೆರಳಿಟ್ಟುಕೊಂಡು ನಿದ್ದೆ ಹೋಗುತ್ತಿದ್ದಳು. ಇತ್ತೀಚೆಗೆ ಅವನ ಕಣ್ಣಿನ ಬಣ್ಣ ಹೇಗಿತ್ತೆಂದು ನೆನೆಸಿಕೊಳ್ಳಬೇಕಾದರೆ ಅವಳು ಫೋಟೋ ತೆಗೆಯಬೇಕಾಗಿತ್ತು. ಕಣ್ಣಿಗೆ ಕೊಟ್ಟ ಮರೆವನ್ನು ದೇವರು ಬೆರಳಿಗೆ ಕೊಟ್ಟಿರಲಿಲ್ಲ.

ಕಾಲಿಗೆ ಕಟ್ಟಿದ ಅಚ್ಚಿನ ನಂಬರಿನ ಚೀಟಿ ನೋಡಿದಳು. ಒಂಬತ್ತು. ಕೆಂಪು ಗಡ್ಡದವನ ಚೀಟಿ ನೋಡಿದಳು. ಒಂಬತ್ತು. ಮಿಕ್ಕ ನಾಲ್ಕು ಒಂಬತ್ತುಗಳನ್ನು ಹುಡುಕಿಕೊಂಡು ಹಲಗೆಗಳ ನಡುವೆ ಓಡಿದಳು. ಒಬ್ಬನಿಗೆ ಕಪ್ಪು ಗಡ್ಡ, ಒಬ್ಬನಿಗೆ ಜಡೆ, ಒಬ್ಬನ ಕಣ್ಣಿಗೆ ಪಟ್ಟಿ. ಕೊನೆಯವನ ರೆಪ್ಪೆ ಸೀಳಿ ಗಾಜಿನ ಕಣ್ಣು ಕೂರಿಸಿದ್ದರು, ನೀಲಿ ಕಣ್ಣು. ಅವನು ಸೂರಿನಲ್ಲಿದ್ದ ಒಂಟಿ ರೆಕ್ಕೆಯನ್ನು ದಿಟ್ಟಿಸುತ್ತಿದ್ದ. ಆರೂ ಜನರ ಗದ್ದದಡಿಯಲ್ಲೂ ಅದೇ ತಗ್ಗು, ಅದೇ ಬಾಲ. ಗಡ್ಡದ ಸಂದಿಯಿಂದ ಆರೂ ಜನ ಬಾಯಿಯ ಒಂದು ಮೂಲೆಯಲ್ಲಿ ನಗುತ್ತಿದ್ದರು. ಒಬ್ಬ ಗಂಡನನ್ನು ತೋರಿಸಪ್ಪಾ ಎಂದು ಬೇಡಿಕೊಂಡವಳ ಮುಂದೆ ಆರು ಜನ ಮಲಗಿದ್ದರು.

ಅವಳು ಕೂಗಲಿಲ್ಲ. ಅಂಗಳ ದಾಟಿ ಅಚ್ಚಿನ ಕೋಣೆಗೆ ಹೋದಳು. ಮೈದುನ ಮೊಣಕೈವರೆಗೆ ಬಿಳಿಯಾಗಿ, ಪಾತ್ರೆ ತೊಳೆಯುತ್ತಾ ಕೂತಿದ್ದ. ಏನತ್ತಿಗೆ, ಪಟ್ಟಿ ಸಾಲದೇ ಬಂತಾ ಎಂದ. ಅವಳು ಅವನ ಮುಂಗೈ ಹಿಡಿದು ಎಳೆದುಕೊಂಡೇ ಬಂದಳು. ಕೂದಲಿನ ಹುಡುಗಿಯರು ಕೈ ನಿಲ್ಲಿಸಿ ನೋಡಿದರು. ಕೆಂಪು ಗಡ್ಡದವನ ಹತ್ತಿರ ನಿಲ್ಲಿಸಿ, ಅವನ ತೋರುಬೆರಳನ್ನು ಹಿಡಿದು, ಪಟ್ಟಿಯ ಒಳಗೆ ತೂರಿಸಿ, ಅಲ್ಲಿ ಇಟ್ಟಳು.

ಆ ಗುರುತು ಅವನಿಗೆ ಗೊತ್ತಿಲ್ಲದೆ ಏನು? ಏಳು ವರ್ಷದವನಿದ್ದಾಗ ಮೆಟ್ಟಿಲ ಮೇಲಿನಿಂದ ಅಣ್ಣನನ್ನು ತಳ್ಳಿದವನೇ ಅವನು. ಬೆರಳು ತೆಗೆಯಲೂ ಆಗದೆ, ಇಡಲೂ ಆಗದೆ ನಿಂತ.

"ಇದು ಯಾರಪ್ಪಾ?" ಎಂದಳು.

ಅವನು ಪಕ್ಕದಲ್ಲಿದ್ದ ರಬ್ಬರ್ ಹಾಲಿನ ಡಬ್ಬದ ಮೇಲೆ ಕೂತ. ಒಡೆದಾಗಿತ್ತಲ್ಲ, ಒಡೆದಾಗಿತ್ತಲ್ಲ ಎಂದು ಅಷ್ಟನ್ನೇ ಹೇಳಿದ. ಒಡೆದವರು ಯಾರು ಎಂದು ಅವಳು ಕೇಳಿದಳು. ಅವನು ತಲೆಯೆತ್ತಿ ತುಕ್ಕಜ್ಜನ ಕಡೆ ನೋಡಿದ.

ತುಕ್ಕಜ್ಜ ಕೈಯಲ್ಲಿದ್ದ ಟೋಪಿಯನ್ನು ಮೆಲ್ಲಗೆ ಕೆಳಗಿಟ್ಟ. ನಡೆದದ್ದು ಇಷ್ಟು. ಅಣ್ಣ ಹೋದ ಹದಿಮೂರನೆಯ ದಿನ ಮೈದುನ ಆ ಅಚ್ಚನ್ನು ಟವೆಲಿನಲ್ಲಿ ಸುತ್ತಿ ತುಕ್ಕಜ್ಜನ ಕೈಗೆ ಕೊಟ್ಟು, ನನ್ನಿಂದಾಗುವುದಿಲ್ಲ, ನೀವೇ ಒಡೆಯಿರಿ, ಒಡೆದ ಮೇಲೆ ನನಗೆ ಹೇಳಲೂ ಬೇಡಿ ಎಂದಿದ್ದ. ಅಜ್ಜ ಸುತ್ತಿಗೆ ಎತ್ತಿದ್ದ. ಇಳಿಸುವುದಕ್ಕೆ ಆಗಿರಲಿಲ್ಲ. ನಿಯಮ ಮಾಡಿದವನೇ ನಿಯಮ ಮುರಿದು, ಟವೆಲಿನ ಸಮೇತ ಕಪಾಟಿನ ಹಿಂಬದಿಗೆ ತಳ್ಳಿಬಿಟ್ಟಿದ್ದ. ಹೇಳಬೇಡಿ ಎಂದವನಿಗೆ ಹೇಳಲಿಲ್ಲ. ಈಚೆಗೆ ಸೂರು ಸೋರಿ ಕಪಾಟಿನ ಅಚ್ಚುಗಳೆಲ್ಲ ನೆನೆದು, ಚೀಟಿಗಳು ಉದುರಿ, ನಿಜವಾದ ಒಂಬತ್ತನೆಯದು ಯಾರಿಗೂ ತಿಳಿಯದ ಹಾಗೆ ಬಿರುಕು ಬಿಟ್ಟು ಕಸ ಸೇರಿತ್ತು. ಹೊಸ ಚೀಟಿ ಅಂಟಿಸುವಾಗ ಕಪಾಟಿನಲ್ಲಿ ಒಂಬತ್ತನೆಯದರ ಜಾಗ ಖಾಲಿಯಿತ್ತು, ಮೈದುನನಿಗೆ ಒಂಬತ್ತೇ ಅಚ್ಚು ಸಿಕ್ಕವು. ಹಿಂದೆ ಕೈ ಹಾಕಿದ, ಹತ್ತನೆಯದು ಸಿಕ್ಕಿತು. ಟವೆಲು ನೀರಿಗೆ ಕೊಳೆತು ಬಣ್ಣಗೆಟ್ಟು ಗೋಣಿಯ ಚೂರಿನ ಹಾಗಾಗಿತ್ತು. ಅಣ್ಣನ ಮುಖದ ಮೇಲೆ ತಮ್ಮ ತನ್ನ ಕೈಯಾರೆ ಒಂಬತ್ತು ಎಂದು ಬರೆದು ಅಂಟಿಸಿದ. ಆರು ಸಲ ಅದರಲ್ಲಿ ಹಾಲೆರೆದ, ಆರು ಸಲ ಕಳಚಿದ. ಮುಖದ ಹಳ್ಳದಲ್ಲಿ ಮೂಗು ಒಳಗೆ ಹೋಗಿರುತ್ತದೆ, ಎಡ ಬಲ ಅದಲು ಬದಲಾಗಿರುತ್ತದೆ. ಸ್ವಂತ ತಾಯಿಯ ಮುಖವನ್ನು ಇಟ್ಟರೂ ಅದರಲ್ಲಿ ಗುರುತು ಹತ್ತುವುದಿಲ್ಲ.

ತಪ್ಪಾಯಿತು ತಾಯಿ ಎಂದು ಅಜ್ಜ ಕೈಮುಗಿದ. ಅವನು ಯಾರಿಗೂ ಕೈಮುಗಿದದ್ದನ್ನು ಆ ಗೋದಾಮಿನಲ್ಲಿ ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ಮೈದುನ ಎದ್ದು, ಕತ್ತರಿ ಎತ್ತಿಕೊಂಡಿದ್ದ. ಆರೂ ಮುಖ ಕಿತ್ತುಬಿಡುತ್ತೇನೆ, ಐವತ್ತನಾಲ್ಕು ಕಳಿಸೋಣ, ಹೆಣ ಎಣಿಸುವುದಕ್ಕೆ ಕ್ಯಾಮೆರಾಗೆ ಬರುವುದಿಲ್ಲ, ಏನಾದರೂ ಅಂದರೆ ನಾನು ಉತ್ತರ ಹೇಳುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಅವಳು ಕತ್ತರಿ ಕಸಿದುಕೊಂಡು ಬೆಂಚಿನ ಮೇಲಿಟ್ಟಳು. ಎರಡು ವರ್ಷದಿಂದ ಗಂಟಲಲ್ಲಿ ಇದ್ದದ್ದು ಈಗ ಬಾಯಿಗೆ ಬಂತು.

"ನಿಮ್ಮಣ್ಣ ನಿದ್ದೆ ಮಾಡಿದ ಹಾಗಿದ್ರು ಅಂದ್ಯಲ್ಲ ಅವತ್ತು. ನೀನು ನೋಡಿದ್ಯಾ?"

"ನೋಡಿದ್ದೆ."

"ಹೀಗೇ ಇದ್ರಾ?"

ಮೈದುನ ನೆಲ ನೋಡುತ್ತಾ ಹೇಳಿದ. "ನೋಡೋಕೆ ಏನೂ ಉಳಿದಿರಲಿಲ್ಲ ಅತ್ತಿಗೆ. ನೀವು ಕೇಳಿದ್ರಲ್ಲ, ನನಗೆ ಆ ಹೊತ್ತಿಗೆ ನೆನಪಾಗಿದ್ದು ಅಚ್ಚು ತೆಗೆದ ದಿನದ ಮುಖ. ಅವತ್ತು ನಿಜವಾಗ್ಲೂ ನಿದ್ದೆ ಮಾಡಿದ್ದ. ಅದನ್ನೇ ಹೇಳ್ದೆ."

ಎರಡು ವರ್ಷ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ ಮಾತು ಸುಳ್ಳಾಗಿತ್ತು. ಅದೇ ಮಾತು ಕೆಂಪು ಗಡ್ಡ ಅಂಟಿಸಿಕೊಂಡು ಅವಳ ಮುಂದೆ ಮಲಗಿಯೂ ಇತ್ತು. ಹೊಡೆಯಬೇಕೋ, ಅವನ ತಲೆ ಸವರಬೇಕೋ ತಿಳಿಯದೆ ಕೈ ಗಾಳಿಯಲ್ಲೇ ನಿಂತಿತು. ಕೊನೆಗೆ ಆ ಕೈಯನ್ನು ಹುಡುಗಿಯರ ಕಡೆ ಚಾಚಿ ಸ್ಪಿರಿಟ್ಟು, ಹತ್ತಿ ಕೊಡಿ ಎಂದಳು.

ಸ್ಪಿರಿಟ್ಟು ತಾಗಿಸಿದಲ್ಲೆಲ್ಲ ಗಡ್ಡ ಬಿಟ್ಟುಕೊಳ್ಳುತ್ತಾ ಬಂತು. ಸುಟ್ಟ ಕೆನ್ನೆ ಹೋಯಿತು, ಹಣೆಯ ಗಾಯ ಹೋಯಿತು. ಕೊನೆಗೆ ಉಳಿದದ್ದು ಮೀಸೆಯಿಲ್ಲದ ಒಂದು ನುಣ್ಣನೆಯ ಮುಖ. ಆ ಮುಖ ಅವಳಿಗೆ ನೆನಪಾಯಿತು. ಕೂದಲಿಗೆ ಪ್ಲಾಸ್ಟರ್ ಹಿಡಿಯುತ್ತದೆಂದು ಗಂಡ ಮೀಸೆ ಬೋಳಿಸಿಕೊಂಡು ಒಂದು ಸಂಜೆ ಬಾಗಿಲಲ್ಲಿ ನಿಂತಿದ್ದ. ಯಾವ ಊರಿನ ನೆಂಟರು, ನಮ್ಮ ಯಜಮಾನರು ಇನ್ನೂ ಬಂದಿಲ್ಲ, ಆಮೇಲೆ ಬನ್ನಿ ಎಂದು ಅವಳು ಬಾಗಿಲು ಹಾಕಿಕೊಂಡಿದ್ದಳು. ಮಗಳು ಅಪ್ಪನ ಹತ್ತಿರ ಹೋಗದೆ ಅತ್ತಿದ್ದಳು.

"ಗೊರಕೆ ಹೊಡೆದ," ಎಂದ ತುಕ್ಕಜ್ಜ, ಹಿಂದಿನಿಂದ. "ಮುಖದ ತುಂಬ ಪ್ಲಾಸ್ಟರ್, ಎರಡು ತೂತಿನಿಂದ ಗೊರಕೆ. ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ. ಅದು ಕೇಳಿಸ್ತೋ ಏನೋ, ಒಳಗೇ ಬಾಯಿ ಒಂಚೂರು ಸೊಟ್ಟಗಾಯ್ತು. ಅದಕ್ಕೇ ಆ ನಗು."

ಅವಳು ಮುಖದ ಹತ್ತಿರ ಸ್ಟೂಲು ಎಳೆದುಕೊಂಡು ಕೂತಳು. ನೋಡಿದಳು. ಹುಬ್ಬು, ಮುಚ್ಚಿದ ರೆಪ್ಪೆ, ತುಸು ಎಡಕ್ಕೆ ವಾಲಿದ ಮೂಗು, ಬಾಯಿಯ ಮೂಲೆ. ಬಿಳಿ ಬಟ್ಟೆ ಬರಲಿಲ್ಲ. ಕಾಲು ಗಂಟೆಯಾಯಿತೋ, ಅರ್ಧವೋ, ಅಂಗಳದಲ್ಲಿ ವ್ಯಾನು ಹಿಂದಕ್ಕೆ ತಿರುಗಿಸಿಕೊಳ್ಳುವ ಸದ್ದು ಕೇಳಿದಾಗ ಅವಳು ಎದ್ದಳು.

"ಆರೂ ಜನ ಹೋಗ್ಲಿ," ಎಂದಳು.

ಮೈದುನನಿಗೆ ಅರ್ಥವಾಗಲಿಲ್ಲ. ಬೆಂಕಿಗೆ ಅತ್ತಿಗೆ, ನಾಳೆ ಬೆಂಕಿ ಕೊಡುತ್ತಾರೆ ಎಂದ. ಗೊತ್ತು ಎಂದಳು ಅವಳು. "ಅವತ್ತು ನನ್ನನ್ನ ದೂರ ನಿಲ್ಲಿಸಿದ್ರಿ. ನಾಳೆ ನಾನು ಹತ್ರ ನಿಲ್ತೀನಿ. ಮುಖ ನೋಡ್ಕೊಂಡು ಕಳಿಸ್ತೀನಿ."

ಗಡ್ಡವನ್ನು ತಾನೇ ಮತ್ತೆ ಅಂಟಿಸಿದಳು. ಉಳಿದಿದ್ದವರಿಗೆ ಎಲ್ಲರೂ ಕೈ ಹಾಕಿ ಪಟ್ಟಿ ಬಿಗಿದರು, ಅವಳು ಎರಡು ಬೆರಳಿಟ್ಟು ನೋಡಿದಳು. ಉಡುಪಿನ ಮೇಡಂ ವ್ಯಾನಿನಿಂದಿಳಿದು ಹಾಳೆ ಹಿಡಿದು ಬಂದಾಗ, ಅರವತ್ತೂ ಸೈನಿಕರು ತಯಾರಾಗಿದ್ದರು. ಆದರೆ ಬಿಚ್ಚಬೇಕಾದ ಇಪ್ಪತ್ತರಲ್ಲಿ ಎರಡು ಒಂಬತ್ತನೇ ನಂಬರಿನವು, ಅವುಗಳ ಪಟ್ಟಿ ಬಿಗಿಯಾಗಿತ್ತು. ಇವೆರಡೂ ಜೋತಾಡಬೇಕು, ಹೇಳಿದ್ದೆನಲ್ಲ ಎಂದು ಮೇಡಂ ಕೈ ಚಾಚಿದಳು. ಬಕಲ್ ಅಕ್ಕ ಅಡ್ಡ ನಿಂತಳು.

"ಇವರದ್ದು ಬಿಚ್ಚೋದಿಲ್ಲ ಮೇಡಂ. ಬೇರೆ ಯಾರದ್ದು ಬೇಕಾದ್ರೂ ಬಿಚ್ಕೊಳ್ಳಿ."

ಮೇಡಂ ಅವಳ ಮುಖ ನೋಡಿ, ಹಾಳೆಯಲ್ಲಿ ಎರಡು ಸಾಲು ಹೊಡೆದುಹಾಕಿ ಬೇರೆ ಎರಡು ಬರೆದುಕೊಂಡಳು.

ಬೊಂಬೆಗಳನ್ನು ವ್ಯಾನಿಗೆ ತುಂಬುತ್ತಿರುವಾಗ ತುಕ್ಕಜ್ಜ ಅಚ್ಚನ್ನು ತಂದು ಅವಳ ಮುಂದೆ ಹಿಡಿದ, ಇನ್ನೊಂದು ಕೈಯಲ್ಲಿ ಸುತ್ತಿಗೆ. ಒಡೆಯುವುದು ನಿನ್ನ ಹಕ್ಕು ಎಂದ. ಅವಳು ಆ ಹಳ್ಳದೊಳಗೆ ನೋಡಿದಳು. ಅಲ್ಲಿ ಗಂಡ ಇರಲಿಲ್ಲ, ಯಾರೂ ಇರಲಿಲ್ಲ. ಬೆರಳು ಹಾಕಿ ತಡಕಿದಳು. ಗದ್ದದ ಕೆಳಗೆ ತಗ್ಗಿರಬೇಕಾದಲ್ಲಿ ಹೆಸರುಕಾಳಿನಷ್ಟು ಉಬ್ಬು.

"ಮಗಳು ಒಂದ್ಸಲ ಕೈಯಾಡಿಸಲಿ," ಎಂದಳು. "ಆಮೇಲೆ ಒಡೆಯೋಣ."

ಅದನ್ನು ಬಟ್ಟೆಯಲ್ಲಿ ಸುತ್ತಿ ಮೈದುನನ ಕೈಗೆ ಕೊಟ್ಟು, ಮನೆಯಲ್ಲಿ ಮಗು ಅಜ್ಜಿಯ ಜೊತೆ ಇದೆ, ನಾನು ನಾಳೆ ಸಂಜೆಗೆ ಬರುತ್ತೇನೆಂದು ಹೇಳು ಎಂದಳು. ಅವನು ಅಚ್ಚನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು, ಹೆಲ್ಮೆಟ್ ತಲೆಗೆ ಹಾಕಿಕೊಂಡ. ಹೊರಡಲಿಲ್ಲ. ಅವಳು ಹತ್ತಿರ ಬಂದು, ಜೋತಾಡುತ್ತಿದ್ದ ಪಟ್ಟಿಯ ಎರಡು ತುದಿ ಸೇರಿಸಿ ಚಟಕ್ಕೆನ್ನಿಸಿ, ಗದ್ದದ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. ಆಗ ಅವನ ಕಣ್ಣು ತುಂಬಿತು. ಹೋಗು ಎಂದಳು.

ಡ್ರೈವರು ಮುಂದಿನ ಸೀಟು ಒರೆಸಿ ಅವಳಿಗಾಗಿ ಬಾಗಿಲು ತೆರೆದಿದ್ದ. ಅವಳು ಹಿಂದೆ ಹತ್ತಿ, ಸೈನಿಕರ ನಡುವೆ ಜಾಗ ಮಾಡಿಕೊಂಡು ಕೂತಳು. ಹೆಣಗಳ ಜೊತೆ ಹೋಗಲು ಹೆದರಿಕೆಯಾಗುವುದಿಲ್ಲವೇ ಎಂದು ಡ್ರೈವರು ನಕ್ಕ. ತುಕ್ಕಜ್ಜ ಅವನಿಗೆ ಸುಮ್ಮನೆ ಗಾಡಿ ಬಿಡು, ನಿಧಾನವಾಗಿ ಬಿಡು ಎಂದ.

ಗೇಟು ದಾಟಿ ರಸ್ತೆಗೆ ಇಳಿಯುವಲ್ಲಿ ಒಂದು ಗುಂಡಿಯಿತ್ತು. ವ್ಯಾನು ಎಗರಿತು. ಅರವತ್ತೂ ತಲೆಗಳು ಒಟ್ಟಿಗೆ ಒಮ್ಮೆ ಆಡಿದವು. ಪಕ್ಕದಲ್ಲಿ ಮಲಗಿದ್ದ ಕೆಂಪು ಗಡ್ಡದವನ ಗದ್ದಕ್ಕೆ ಅವಳ ಕೈ ತಾನಾಗಿಯೇ ಹಾರಿತು. ಎರಡು ಬೆರಳು ತೂರಿಸಿ ನೋಡಿದಳು.

ಪಟ್ಟಿ ಬಿಗಿಯಾಗಿಯೇ ಇತ್ತು.